ಕದ್ದ ಬೈಕು ಕೊಂಡವರ ಹೊಣೆ
ಪುಣೆಯ ಕೋಥರೂಡದಲ್ಲಿ ಕಾಗದಪತ್ರವಿಲ್ಲದ ಹಳೆಯ ಬೈಕನ್ನು ಅಗ್ಗಕ್ಕೆ ಕೊಂಡು, ಅದು ಕಳವಿನದೆಂದು ಈಗ ಶಂಕಿಸುತ್ತಿರುವ ಓದುಗರಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಮುಖ್ಯವಾಗುತ್ತದೆ. ಕಳವು, ಸುಲಿಗೆಗಳಿಂದಷ್ಟೇ ಅಲ್ಲದೆ ವಂಚನೆ, ನಂಬಿಕೆದ್ರೋಹಗಳಿಂದ ಕೈಬದಲಾದ ವಸ್ತುವೂ ‘ಕದ್ದ ಸ್ವತ್ತು’ ಎನಿಸುತ್ತದೆ. ಅದನ್ನು ಹಾಗೆಂದು ತಿಳಿದೋ, ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದವರಿಗೆ 3 ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ಐವರು ಅಥವಾ ಹೆಚ್ಚು ಜನ ಕೂಡಿ ನಡೆಸಿದ ಡಕಾಯಿತಿಯ ಮಾಲಾದರೆ, ಇಲ್ಲವೆ ಕದ್ದ ಮಾಲಿನ ವ್ಯವಹಾರವನ್ನೇ ರೂಢಿಮಾಡಿಕೊಂಡರೆ, ಶಿಕ್ಷೆ ಜೀವಾವಧಿಯವರೆಗೂ ಏರುತ್ತದೆ. ಕೊಳ್ಳುವಾಗ ಅರಿವಿರದಿದ್ದರೂ, ತಿಳಿದ ಮೇಲೆ ಅಪ್ರಾಮಾಣಿಕವಾಗಿ ಉಳಿಸಿಕೊಂಡರೆ ಅದೂ ಅಪರಾಧವೇ ಆದ್ದರಿಂದ, ಬೇರೊಬ್ಬರಿಗೆ ಮಾರಿಬಿಡುವ ಯೋಚನೆ ಸರ್ವಥಾ ಸಲ್ಲದು. ಹಣ ಪಾವತಿಯ ದಾಖಲೆ, ಮಾರಿದವರ ಸಂದೇಶಗಳೊಡನೆ ವಕೀಲರ ಮೂಲಕ ಕೋಥರೂಡ ಪೊಲೀಸ್ ಠಾಣೆಗೆ ಬೇಗನೆ ಲಿಖಿತ ಮಾಹಿತಿ ಕೊಡುವುದೇ ಸರಿಯಾದ ದಾರಿ.