ಉಪಾಧ್ಯಾಯರ ಕಲಿಕೆ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆಂಧ್ರ ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ನಮ್ಮ ಓಬಳಾಪುರದಂತಹ ಊರುಗಳ ಅನೇಕ ಮನೆಗಳಲ್ಲಿ ಮಾತು ಕನ್ನಡವಾಗಿಯೇ ಉಳಿಯಿತು. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯಬೇಕೆಂಬ ಆಶಯವು 1956ರಲ್ಲಿ ಸಂವಿಧಾನವನ್ನು ಸೇರಿತು. ಆದರೆ ಕನ್ನಡ ಪುಸ್ತಕವೊಂದರಿಂದಲೇ ಪಾಠವು ಮಗುವಿನ ಮನಸ್ಸನ್ನು ಮುಟ್ಟದು, ಮುಟ್ಟಿಸಬೇಕಾದವರು ಉಪಾಧ್ಯಾಯರು.

ಒಂದು ಉದಾಹರಣೆಯನ್ನು ನೋಡೋಣ. 42ರಲ್ಲಿ 17ನ್ನು ಕಳೆಯೆಂದರೆ ಕೆಲವು ಮಕ್ಕಳು 35 ಎಂದು ಬರೆಯುವರು. ಅದಕ್ಕೆ ಗೀಟೆಳೆಯುವುದು ಸುಲಭ. ಒಳ್ಳೆಯ ತರಬೇತಿ ಪಡೆದ ಉಪಾಧ್ಯಾಯರಾದರೋ, “ಹೇಗೆ ಮಾಡಿದೆ, ಹೇಳು ಮಗೂ” ಎನ್ನುವರು. “ಎರಡರಲ್ಲಿ ಏಳು ಹೋಗಲ್ಲ ಸಾರ್, ಅದಕ್ಕೆ ಏಳರಲ್ಲಿ ಎರಡು ಕಳೆದೆ” ಎಂಬ ಉತ್ತರದಲ್ಲಿಯೇ ತಪ್ಪಿನ ಮೂಲವಿದೆ. ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಕೊಟ್ಟು, ಒಂದು ಕಟ್ಟನ್ನು ಬಿಚ್ಚಿಸಿದರೆ, 25 ಎಂಬುದನ್ನು ಮಗುವೇ ಕಂಡುಕೊಳ್ಳುವುದು.

ಮಗು ತನ್ನ ಯೋಚನೆಯನ್ನು ಬಿಚ್ಚಿಡುವುದು ಮನೆಮಾತಿನಲ್ಲಿ. ಆದುದರಿಂದ ಕನ್ನಡ ಶಾಲೆಯ ಉಪಾಧ್ಯಾಯರ ತರಬೇತಿಯೂ ಕನ್ನಡದಲ್ಲಿಯೇ ಆಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಉಪಾಧ್ಯಾಯರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ತರಬೇತಿಯನ್ನು ಬಯಸುತ್ತದೆ. ಆ ಗಂಟೆಗಳು ಇಂತಹ ಅಭ್ಯಾಸಕ್ಕೆ ಸಲ್ಲಲಿ.

ತಾಯ್ತಂದೆಯರೇ, ಲೆಕ್ಕ ತಪ್ಪಿದಾಗ ಗದರದೆ, “ಹೇಗೆ ಮಾಡಿದೆ?” ಎಂದು ಕೇಳಿರಿ. ನಾವೂ ಅದನ್ನೇ ಕಲಿಯುತ್ತಿದ್ದೇವೆ.