ಹಿಮಕ್ಕಿಳಿಯುವ ಮೊದಲು ಗೆರೆ ಓದಿ

ಹೊಳಲ್ಕೆರೆಯಿಂದ ಗುಲ್ಮಾರ್ಗಿಗೋ ಔಲಿಗೋ ಸ್ಕೀಯಿಂಗಿಗೆ ಹೊರಟಿದ್ದೀರಾ? ಜಾಕೆಟ್ಟು, ಬೂಟು ಆಮೇಲೆ ಕೊಳ್ಳಿ; ಮೊದಲು ನಕ್ಷೆ ಓದಲು ಕಲಿಯಿರಿ. ಹಿಮಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡುವವರ ಮನಸ್ಸು ಎಳೆಯುವುದೂ, ಗ್ರಹಚಾರಕ್ಕೆ, ಅಲ್ಲಿಗೇ.

ಹೈಸ್ಕೂಲಿನಲ್ಲಿ ಓದಿ ಮರೆತ ಸಮೋನ್ನತ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ನೆನಪಿಸಿಕೊಳ್ಳಿ. 1:50,000 ನಕ್ಷೆಯಲ್ಲಿ ರೇಖೆಗೂ ರೇಖೆಗೂ 20 ಮೀಟರ್ ಎತ್ತರವಿದ್ದರೆ, ಐದು ಅಂತರಗಳನ್ನು ಒಟ್ಟಿಗೆ ಸ್ಕೇಲಿನಲ್ಲಿ ಅಳೆಯಿರಿ. ಮೂರೂವರೆ ಮಿಲಿಮೀಟರಿಗಿಂತ ಕಡಿಮೆ ಬಂತೋ, 30 ಡಿಗ್ರಿ ದಾಟಿತೆಂದು ಲೆಕ್ಕ. ಅಲ್ಲಿ ಕೆಂಪು ಪೆನ್ಸಿಲ್ ಬಳಿಯಿರಿ. ಅಭ್ಯಾಸಕ್ಕೆ ಹಿಮವೇನೂ ಬೇಕಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ನಕ್ಷೆ ಹಿಡಿದು ಗೆರೆ ಎಣಿಸಿ, ಬೆಟ್ಟಕ್ಕೆ ಹೋಗಿ ಫೋನಿನ ಇಳಿಜಾರು ಮಾಪಕದಲ್ಲಿ ತಾಳೆ ನೋಡಿ.

ಆ್ಯಪ್‌ಗಳೇ ಕಡಿದಾದ ಜಾಗಕ್ಕೆ ಬಣ್ಣ ಹಚ್ಚಿ ತೋರಿಸುತ್ತವಲ್ಲ ಎನ್ನಬೇಡಿ. ಹಲವು ಆ್ಯಪ್‌ಗಳು ನೆಚ್ಚುವ 30 ಮೀಟರ್ ಚೌಕದ ಉಪಗ್ರಹ ದತ್ತಾಂಶದಲ್ಲಿ ಮನೆಯೆತ್ತರದ ಕಡಿದಾದ ತುಂಡು ಕಾಣುವುದೇ ಇಲ್ಲ. ನಿಂತ ನೆಲ ಸಮತಟ್ಟಾಗಿದ್ದರೂ ಸಾಲದು, ತಲೆಯ ಮೇಲೇನಿದೆ ನೋಡಿ. ಕುಸಿದ ಹಿಮ ಕೆಳಗಿನ ಬಯಲಿನವರೆಗೂ ಓಡಿಬರುತ್ತದೆ.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ. ಸತ್ತವರಲ್ಲಿ ಬೆಂಗಳೂರಿನವರೂ ಇದ್ದರು. ನಕ್ಷೆಯೊಂದೇ ಸಾಲದು: ಅದಕ್ಕೆ ಜಾಗ ಗೊತ್ತು, ಆಯಾ ದಿನದ ಹಿಮದ ಸ್ಥಿತಿ ಗೊತ್ತಿಲ್ಲ. ಅದಕ್ಕೆ ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತ ಮುನ್ಸೂಚನೆಯನ್ನು ಹೊರಡುವ ಬೆಳಿಗ್ಗೆ ನೋಡಿ. ಕೆಂಪು ಬಳಿದಲ್ಲಿ ಗೈಡ್ “ಏನಾಗಲ್ಲ ಬನ್ನಿ” ಅಂದರೂ ಹೋಗಬೇಡಿ.