ಸೋಂಕು ಒಬ್ಬರಿಗೆ, ರಕ್ಷಣೆ ಮನೆಮಂದಿಗೆಲ್ಲ

ಲೈಂಗಿಕ ಸೋಂಕಿಗೆ ಹೆಂಡತಿಗಷ್ಟೇ ಔಷಧಿ ಕೊಡಿಸಿ ಗಂಡ ಪರೀಕ್ಷೆ ತಪ್ಪಿಸಿಕೊಂಡರೆ ಕಾಯಿಲೆ ಮತ್ತೆ ಮರಳಬಹುದು. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದು ಉಚಿತ. ಸೋಂಕು ಎಚ್‌ಐವಿ ಆಗಿದ್ದರೆ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಬೆನ್ನಿಗಿದೆ. ಸೋಂಕಿತರ ಜೊತೆ ವಾಸಿಸುವವರಿಗೂ ಇದರ ರಕ್ಷಣೆಯುಂಟು.

ಮಗನಿಗೆ ತಿಳಿಸದೆ ಪರೀಕ್ಷೆ ಮಾಡಿಸಬಹುದೇ?
ಇಲ್ಲ. ವಯಸ್ಕನಾದರೆ ಆಪ್ತಸಮಾಲೋಚನೆಯ ನಂತರ ಆತನೇ ಒಪ್ಪಬೇಕು. ಮದುವೆ ಮಾತುಕತೆ ನಡೆಯುತ್ತಿದೆ ಎಂದು ವರದಿಯನ್ನು ಅಪ್ಪ-ಅಮ್ಮನ ಕೈಗೆ ಕೊಡುವಂತಿಲ್ಲ.

ಹಾಗಾದರೆ ಹೆಂಡತಿಗೆ ಗೊತ್ತಾಗುವುದು ಹೇಗೆ?
ಸೋಂಕು ಹರಡದಂತೆ ಎಚ್ಚರ ವಹಿಸುವುದು ಸೋಂಕಿತರ ಕರ್ತವ್ಯ. ಬುದ್ಧಿ ಹೇಳಿದರೂ ತಿಳಿಸದಿದ್ದರೆ, ಸಂಗಾತಿಗೆ ಗಂಭೀರ ಅಪಾಯವಿದ್ದಾಗ ವೈದ್ಯರು ಅಥವಾ ಆಪ್ತಸಮಾಲೋಚಕರು, ಸೋಂಕಿತರಿಗೆ ಮೊದಲೇ ತಿಳಿಸಿ, ಸಂಗಾತಿಗೆ ಮುಖತಃ ಹೇಳಬಹುದು. ಸೋಂಕಿತೆ ಹೆಣ್ಣಾಗಿದ್ದು, ಹೇಳಿದರೆ ಹೊಡೆದಾರು, ಮನೆಯಿಂದ ಹೊರಹಾಕಿಯಾರು ಎಂಬ ಭಯವಿದ್ದರೆ ಹೇಳುವಂತಿಲ್ಲ.

ಬೇರೆ ತಟ್ಟೆ, ಬೇರೆ ಕೋಣೆ?
ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬಚ್ಚಲು ಬಳಸಿದರೆ ಎಚ್‌ಐವಿ ಅಂಟದು. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಹಿತ್ತಲ ಕೋಣೆಗೆ ತಳ್ಳುವುದು, ಅಡುಗೆಮನೆಗೆ ಬರಬೇಡ ಎನ್ನುವುದು ಕಾಯ್ದೆಯ ಉಲ್ಲಂಘನೆ. ಹೆಣ್ಣುಮಕ್ಕಳಿಗೂ 18 ತುಂಬದವರಿಗೂ ಕೂಡಿ ಬಾಳಿದ ಮನೆಯಲ್ಲಿ, ಅದರ ಯಾವ ಭಾಗದಿಂದಲೂ ಹೊರಗಿಡದಂತೆ, ವಾಸಿಸುವ ಹಕ್ಕಿದೆ.

ಊರಿನವರು ದೂರವಿಟ್ಟರೆ?
ಅಂಗಡಿ, ಹೋಟೆಲ್, ಬಾವಿ, ಸ್ಮಶಾನ ಯಾವುದನ್ನೂ ನಿರಾಕರಿಸುವಂತಿಲ್ಲ. ಶಾಲೆ, ಕೆಲಸ, ಬಾಡಿಗೆ ಮನೆಗೂ ಇದೇ ಮಾತು. ಸೋಂಕಿತರ ಮೇಲೆ ದ್ವೇಷ ಹರಡಿದರೆ 3 ತಿಂಗಳಿಂದ 2 ವರ್ಷ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ದೂರು ಯಾರಿಗೆ?
ತಾರತಮ್ಯವಾದರೆ, ಚಿಕಿತ್ಸೆ ನಿರಾಕರಿಸಿದರೆ ಕಾಯ್ದೆಯಡಿ ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್‌ಗೆ ಲಿಖಿತ ದೂರು ಕೊಡಿ. ನೆರೆಯವರೂ ಕೊಡಬಹುದು. ಬರೆಯಲು ಬಾರದವರಿಗೆ ದೂರು ಬರೆಯಲು ಓಂಬುಡ್ಸ್‌ಮನ್ ನೆರವಾಗಬೇಕು. 30 ದಿನದೊಳಗೆ ಆದೇಶ ಬರಬೇಕು. ವೈದ್ಯಕೀಯ ತುರ್ತಿದ್ದರೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ. ಕೋರ್ಟಿಗೆ ಹೋದರೆ ಹೆಸರು ಮರೆಮಾಡುವಂತೆ ಕೇಳಬಹುದು. ಘಟನೆಯ ದಿನಾಂಕ, ಆಡಿದ ಮಾತು, ಆಸ್ಪತ್ರೆ ಚೀಟಿಗಳನ್ನು ಜೋಪಾನ ಮಾಡಿ.

ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಪರೀಕ್ಷೆ, ಚಿಕಿತ್ಸೆಯ ಮಾಹಿತಿಗೆ 1097.